ಅಪ್‌ಡೇಟ್: 67ರ ಕಾರ್ವೆಟ್‌ಗೆ ಏನೂ ಆಗಿರಲಿಲ್ಲ, ಟೆಂಪರೇಚರ್ ಮೀಟರ್ ಸುಳ್ಳು ಹೇಳುತ್ತಿತ್ತು

ಟೆಕ್ಸಸ್‌ನಲ್ಲಿರುವ ನನ್ನ 1967ರ ಕಾರ್ವೆಟ್ (ಶೆವ್ರೊಲೆ ಸ್ಪೋರ್ಟ್ಸ್ ಕಾರು) ಜಾಸ್ತಿ ಬಿಸಿಯಾಗುತ್ತಿದೆ ಅಂತ ಕೇಳಿದ್ದೆನಲ್ಲ, ರಿಸ್ಟೋರ್ ಮಾಡಿಸಿದ್ದು, 427 ಕ್ಯೂಬಿಕ್ ಇಂಚಿನ ಬಿಗ್ ಬ್ಲಾಕ್, ಮೂರು ಕಾರ್ಬ್ಯುರೇಟರಿನ 435 ಎಚ್‌ಪಿ ಎಂಜಿನ್. ಸಿಗ್ನಲ್‌ನಲ್ಲಿ ನಿಂತರೆ ಸಾಕು, ಟೆಂಪರೇಚರ್ ಮುಳ್ಳು 230 ಡಿಗ್ರಿ ಫ್ಯಾರನ್‌ಹೀಟ್ ದಾಟುತ್ತಿತ್ತು. ಈಗ ಸರಿಹೋಗಿದೆ.

160 ಡಿಗ್ರಿಗೇ ತೆರೆಯುವ ಥರ್ಮೋಸ್ಟಾಟ್ (ಎಂಜಿನ್ ನೀರನ್ನು ರೇಡಿಯೇಟರಿಗೆ ಬಿಡುವ ವಾಲ್ವ್) ಹಾಕಿದೆ, ಉಪಯೋಗವಾಗಲಿಲ್ಲ. ಅದು ಬೇಗ ತೆರೆಯುತ್ತದೆ, ಅಷ್ಟೇ. ರೇಡಿಯೇಟರ್ ಬದಲಿಸಲು ಹೋಗಲಿಲ್ಲ, ದೊಡ್ಡ ಖರ್ಚು ಉಳಿಯಿತು.

ಕೆಲಸಕ್ಕೆ ಬಂದಿದ್ದು "ಮೊದಲು ಇನ್‌ಫ್ರಾರೆಡ್ ಗನ್ ಹಿಡಿದು ನೋಡಿ" ಅಂದವರ ಸಲಹೆ. ಮುಟ್ಟದೆಯೇ ಬಿಸಿ ಅಳೆಯುವ ಸಾಧನ ಅದು. ಮುಳ್ಳು 230 ತೋರಿಸುವಾಗ ಥರ್ಮೋಸ್ಟಾಟ್ ಹೌಸಿಂಗ್ ಹತ್ತಿರ ಬರೀ 195! ಎಂಜಿನ್ ಬಿಸಿಯನ್ನು ಮೀಟರಿಗೆ ತಿಳಿಸುವ ಸೆನ್ಸರೇ ಸೆಂಡರ್. ಬಿಸಿ ಏರಿದಂತೆ ಅದರ ರೆಸಿಸ್ಟೆನ್ಸ್ ಇಳಿಯಬೇಕು, ಇಳಿದಷ್ಟೂ ಮುಳ್ಳು ಮೇಲೇರುತ್ತದೆ. ರಿಸ್ಟೋರ್ ಮಾಡುವಾಗ ಹಾಕಿದ್ದ ಹೊಸ ಸೆಂಡರಿನಲ್ಲಿ ಅದು ಜಾಸ್ತಿಯೇ ಇಳಿಯುತ್ತಿತ್ತು, ಹಳೆಯ ಮೀಟರಿಗೆ ಹೊಂದುತ್ತಿರಲಿಲ್ಲ. ರೆಸಿಸ್ಟೆನ್ಸ್ ಎಷ್ಟು ಓಮ್ಸ್ ಅಂತ ಅಳೆದು ಸರಿಯಾದದ್ದನ್ನು ಹುಡುಕಿ ಹಾಕಿದೆ. ಈಗ ಗನ್ನು, ಮುಳ್ಳು ಎರಡೂ ಹೆಚ್ಚುಕಮ್ಮಿ ಒಂದೇ ಹೇಳುತ್ತವೆ. ನಿಮ್ಮ ಹಳೆಯ ಸೆಂಡರ್ ಇನ್ನೂ ಇದ್ದರೆ ದಯವಿಟ್ಟು ಎಸೆಯಬೇಡಿ.

ಹುಡುಕುವಾಗ ಗೊತ್ತಾದ ಇನ್ನೊಂದು ಮಜಾ ವಿಷಯ. ಬಾಡಿ ಫೈಬರ್‌ಗ್ಲಾಸ್ ಅಲ್ವಾ, ಕರೆಂಟ್ ಹರಿಯುವುದಿಲ್ಲ. ಹಾಗಾಗಿ ಮೀಟರು, ಲೈಟುಗಳಿಗೆಲ್ಲ ಬೇರೆ ಅರ್ಥಿಂಗ್ ವೈರ್ ಬೇಕು. ಡಿಸ್ಟ್ರಿಬ್ಯೂಟರ್ (ಪ್ಲಗ್ಗುಗಳಿಗೆ ಸ್ಪಾರ್ಕ್ ಹಂಚುವ ಭಾಗ) ಮೇಲಿನ ಕ್ರೋಮ್ ಮುಚ್ಚಳವೂ ಸುಮ್ನೆ ಶೋಕಿಗಲ್ಲ, ಲೋಹದಂತೆ ಫೈಬರ್‌ಗ್ಲಾಸ್ ತಡೆಯದ ಸ್ಪಾರ್ಕಿನ ಕರಕರ ಸದ್ದು ರೇಡಿಯೋದಲ್ಲಿ ಕೇಳಿಸದಂತೆ ತಡೆಯಲು.