ಊಟಕ್ಕೆ ಕುಳಿತರೆ ಮೊಬೈಲ್ ಕೇಳುವ ಮಗು

ಪ್ರಶ್ನೆ (ಕುವೆಂಪುನಗರ, ಮೈಸೂರು):
ನಮ್ಮ ಮಗಳಿಗೆ ಮೂರು ವರ್ಷ. ನಾವಿಬ್ಬರೂ ಕೆಲಸಕ್ಕೆ ಹೋಗುವುದರಿಂದ ಹಗಲೆಲ್ಲ ಅವಳನ್ನು ನೋಡಿಕೊಳ್ಳುವವರು ನಮ್ಮ ಅತ್ತೆಯವರು. ಮೊಬೈಲ್‌ನಲ್ಲಿ ವಿಡಿಯೊ ಹಾಕಿದರೆ ಮಾತ್ರ ತುತ್ತು ಬಾಯಿಗೆ ಹೋಗುತ್ತದೆ. ತೆಗೆದುಕೊಂಡರೆ ನೆಲಕ್ಕೆ ಬಿದ್ದು ಹೊರಳಾಡಿ ಅಳುತ್ತಾಳೆ. ಅತ್ತೆಯವರಿಗೆ ಮಂಡಿನೋವಿರುವುದರಿಂದ ತಟ್ಟೆ ಹಿಡಿದು ಮಗುವಿನ ಹಿಂದೆ ಓಡಾಡಲಾಗದು. ಅವರಿಗೆ ಹೊರೆಯಾಗದಂತೆ ಈ ಅಭ್ಯಾಸವನ್ನು ಬಿಡಿಸುವುದು ಹೇಗೆ? ಈ ವಯಸ್ಸಿನವರು ಎಷ್ಟು ಹೊತ್ತು ನೋಡಬಹುದು?

ಉತ್ತರ (ಮಂಡ್ಯ):
ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿಯಂತೆ 2ರಿಂದ 4 ವರ್ಷದ ಮಕ್ಕಳಿಗೆ ದಿನಕ್ಕೆ 1 ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ಆದರೆ ಗಂಟೆಯ ಲೆಕ್ಕಕ್ಕಿಂತ ಮೊದಲು ನೀವು ಊಟದ ಹೊತ್ತನ್ನು ಸರಿಪಡಿಸಬೇಕು ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ವಿಡಿಯೊದಲ್ಲಿ ಮುಳುಗಿದ ಮಗುವಿಗೆ ರುಚಿಯ ಕಡೆಗಾಗಲಿ, ಹೊಟ್ಟೆ ತುಂಬಿದ್ದರ ಕಡೆಗಾಗಲಿ ಗಮನವಿರುವುದಿಲ್ಲ. ನಮ್ಮ ಮನೆಯಲ್ಲಿ ಮಗನನ್ನು ದೊಡ್ಡವರ ಪಂಕ್ತಿಯಲ್ಲೇ ಕೂರಿಸಿ, ಪುಟ್ಟ ತಟ್ಟೆಗೆ ಮೆತ್ತಗಿನ ಅನ್ನ, ಸಾರು ಹಾಕಿ, ತಾನೇ ಕಲಸಿಕೊಂಡು ತಿನ್ನಲು ಬಿಟ್ಟೆವು. ಅರ್ಧ ಚೆಲ್ಲುತ್ತಿತ್ತು, ಕೆಳಗೆ ಹಳೆಯ ಪಂಚೆ ಹಾಸುತ್ತಿದ್ದೆವು. ಆರೋಗ್ಯವಂತ ಮಗು ಒಂದು ಹೊತ್ತು ಕಡಿಮೆ ತಿಂದರೆ ಗಾಬರಿ ಬೇಡ. ಆದರೆ ಅಳು ತಡೆಯಲಾರದೆ ಕೊನೆಗೆ ಮೊಬೈಲ್ ಕೊಟ್ಟುಬಿಟ್ಟರೆ, ಇನ್ನೂ ಜೋರಾಗಿ ಅತ್ತರೆ ಸಿಗುತ್ತದೆ ಎಂಬುದನ್ನೇ ಅದು ಕಲಿಯುತ್ತದೆ.

ಉತ್ತರ (ಸರಸ್ವತಿಪುರಂ, ಮೈಸೂರು):
ತಾಯಿ, ನಾನೂ ಮೊಮ್ಮಗನನ್ನು ನೋಡಿಕೊಳ್ಳುವವನೇ, ಆದ್ದರಿಂದ ನಿಮ್ಮ ಅತ್ತೆಯವರ ಕಷ್ಟ ಅರ್ಥವಾಗುತ್ತದೆ. ಅವರು ಕೂತಲ್ಲೇ ಮಾಡುವ ಕೆಲಸಕ್ಕೆ ಮಗುವನ್ನು ಸೇರಿಸಿಕೊಳ್ಳಲಿ. ದಂಟಿನ ಸೊಪ್ಪು ಬಿಡಿಸುವಾಗ ಒಂದು ಬುಟ್ಟಿ ಕೊಟ್ಟರೆ ನಮ್ಮ ಹುಡುಗ ಎಲೆ ಬೇರೆ, ಕಡ್ಡಿ ಬೇರೆ ಮಾಡುತ್ತ, ನೂರೆಂಟು ಪ್ರಶ್ನೆ ಕೇಳುತ್ತ ಕೂರುತ್ತಾನೆ. ಕಾಳು, ಹುಣಸೆಬೀಜ ಮಾತ್ರ ಬೇಡ, ಗಂಟಲಿಗೆ ಸಿಕ್ಕಿಕೊಳ್ಳಬಹುದು. ವಿಡಿಯೊ ತಾನಾಗಿಯೇ ಮುಂದಕ್ಕೆ ಓಡುವ ಆಟೋಪ್ಲೇ ಸೌಲಭ್ಯವನ್ನು ಇಂದೇ ನಿಲ್ಲಿಸಿ. ಸಂಜೆ ನೀವು ಬಂದ ಮೇಲೆ ಬಯಲಿನಲ್ಲಿ ಆಡಿಸಿ, ಮಲಗುವ ಮುಂಚಿನ ಒಂದು ಗಂಟೆ ಮನೆಯವರೆಲ್ಲರ ಮೊಬೈಲೂ ಪಕ್ಕಕ್ಕಿರಲಿ. ಮಗು ಇನ್ನೂ ಪದಗಳನ್ನು ಜೋಡಿಸಿ ಮಾತಾಡುತ್ತಿಲ್ಲವಾದರೆ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ತೋರಿಸಲು ತಡಮಾಡಬೇಡಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಮಗಳ ಮಾತು ಚೆನ್ನಾಗಿದೆ. ವಿದೇಶದಲ್ಲಿರುವ ಚಿಕ್ಕಪ್ಪನೊಡನೆ ಅವಳು ಆಡುವ ವಿಡಿಯೊ ಕರೆಯನ್ನೂ ನಿಲ್ಲಿಸಬೇಕೇ?

ಉತ್ತರ (ಮಂಡ್ಯ):
ಖಂಡಿತ ಬೇಡ. ಎರಡು ವರ್ಷದೊಳಗಿನವರಿಗೆ ಪರದೆಯೇ ಬೇಡವೆನ್ನುವ ಭಾರತೀಯ ಮಕ್ಕಳ ತಜ್ಞರ ಸಂಘವೂ ಬಂಧುಗಳೊಡನೆ ಆಗೊಮ್ಮೆ ಈಗೊಮ್ಮೆ ಆಡುವ ವಿಡಿಯೊ ಕರೆಗೆ ವಿನಾಯಿತಿ ಕೊಟ್ಟಿದೆ. ಊಟದ ಹೊತ್ತಿಗೆ ಮಾತ್ರ ಕರೆ ಮಾಡಬಾರದೆಂದು ಚಿಕ್ಕಪ್ಪನವರಿಗೆ ತಿಳಿಸಿರಿ.