ರಾಜಸಾರಸ್‌ನ ಸಂಸಾರ ತಾಪತ್ರಯ

ಆಷಾಢದ ಮಳೆ ಹಿಡಿದು ಸುರಿಯುತ್ತಿದ್ದ ಒಂದು ಸಂಜೆ, ಕಾರವಾರದ ಬೈತಕೋಲದಲ್ಲಿ ಹರಿಕಂತ್ರರ ಜಗುಲಿಯ ಮೇಲೆ ನಾವು ನಾಲ್ವರು ಕುಳಿತು, ಆರೂವರೆ ಕೋಟಿ ವರ್ಷಗಳಿಗೂ ಹಿಂದೆ ಬದುಕಿದ್ದ ಒಂದು ಪ್ರಾಣಿಯ ಮನೆವಾರ್ತೆಯನ್ನು ವಿಚಾರಿಸುತ್ತಿದ್ದೆವು. ಇದಕ್ಕೆ ಕಾರಣರಾದವರು ಶಿರಸಿಯ ಹೆಗಡೆಯವರು. ಬೇಟೆಯಾಡುವ ಡೈನೋಸಾರ್ ಒಂದರ ಬಾಳನ್ನು ಕಲ್ಪಿಸಿ ಬರೆಯುವಂತೆ ಅವರ ಮೊಮ್ಮಗನಿಗೆ ಶಾಲೆಯಲ್ಲಿ ಹೇಳಿದ್ದರಂತೆ. ಹುಡುಗನು ಆ ಕೆಲಸವನ್ನು ಅಜ್ಜನಿಗೆ ವಹಿಸಿ ನಿಶ್ಚಿಂತನಾಗಿದ್ದನು. ಅಜ್ಜನು ಪಟ್ಟಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ದೇವಿಮನೆ ಘಟ್ಟವನ್ನು ಇಳಿದು ಬಂದಿದ್ದರು.

"ಪರದೇಶದ ಪ್ರಾಣಿ ಏಕೆ?" ಎಂದರು ನಿವೃತ್ತ ವಿಜ್ಞಾನ ಮಾಸ್ತರರು. "ನಮ್ಮದೇ ರಾಜಸಾರಸ್ ಇದೆಯಲ್ಲ! ಗುಜರಾತಿನ ರಾಹಿಯೋಲಿಯಲ್ಲಿ ಎಲುಬು ಸಿಕ್ಕಿ, 2003ರಲ್ಲಿ ಅದಕ್ಕೆ ರಾಜಸಾರಸ್ ನರ್ಮದೆನ್ಸಿಸ್ ಎಂದು ನಾಮಕರಣವಾಯಿತು. ಇಪ್ಪತ್ತು ಅಡಿ ಮೀರಿದ ದೇಹ, ತಲೆಯ ಮೇಲೊಂದು ಗಿಡ್ಡ ಕೋಡು."

ನಮ್ಮ ಜಿಲ್ಲೆಯಲ್ಲಿ ಒಂದಾದರೂ ಸಿಗಬಾರದಿತ್ತೇ ಎಂದು ಹರಿಕಂತ್ರರು ನೊಂದುಕೊಂಡರು. ನಮ್ಮ ಚಿರೆಕಲ್ಲಿನ ಕೆಳಗಿರುವ ಬಂಡೆ 250 ಕೋಟಿ ವರ್ಷಕ್ಕೂ ಹಳೆಯದೆಂದೂ, ಅದು ಗಟ್ಟಿಯಾದಾಗ ಎಲುಬಿರುವ ಪ್ರಾಣಿಯೇ ಭೂಮಿಯ ಮೇಲಿರಲಿಲ್ಲವೆಂದೂ ಮಾಸ್ತರರು ಸಮಾಧಾನ ಹೇಳಿದರು.

ಹೆಗಡೆಯವರು ಕವಳವನ್ನು ದವಡೆಯ ಒಂದು ಬದಿಗೆ ಸರಿಸಿ, ತಾವು ಈಗಾಗಲೇ ಬರೆದದ್ದನ್ನು ಓದಿದರು. ಅದರ ಪ್ರಕಾರ ರಾಜಸಾರಸ್‌ಗಳದು ಅವಿಭಕ್ತ ಕುಟುಂಬ. ಹಿರಿಯ ಗಂಡು ಯಜಮಾನ. ಬೇಟೆ ಬಿದ್ದ ಮೇಲೆ ಆತ ಉಂಡ ನಂತರವೇ ಉಳಿದವರ ಪಂಕ್ತಿ. ಸೊಸೆಯಂದಿರು ಸರದಿಯಂತೆ ಮೊಟ್ಟೆಗಳನ್ನು ಕಾಯುವರು. ಆ ಕುಟುಂಬಕ್ಕೆ ಎರಡು ಎಕರೆ ಅಡಿಕೆ ತೋಟವೂ ಇತ್ತೆಂದು ಬರೆಯುವುದೊಂದು ಬಾಕಿ ಇತ್ತು.

"ಅದು ಹಾಗಲ್ಲ," ಎಂದರು ಹರಿಕಂತ್ರರು. "ಅವು ರಂಪಣಿ ಬಲೆ ಎಳೆದ ಹಾಗೆ ಬೇಟೆಯಾಡುತ್ತಿದ್ದಿರಬೇಕು. ಇಡೀ ಕೇರಿಯವರು ಹಗ್ಗ ಹಿಡಿಯುವುದು, ಹಗ್ಗ ಹಿಡಿದವರಿಗೆಲ್ಲ ಪಾಲು ಕೊಡುವುದು."

ಮಾಸ್ತರರು ಉತ್ತರಿಸುವ ಮೊದಲೇ ಅಂಗಳದಿಂದ ಉತ್ತರ ಬಂದಿತು. ಹರಿಕಂತ್ರರ ಕೋಳಿಯೊಂದು ಚರಂಡಿಯ ಬದಿಯಲ್ಲಿ ಒಂದು ಕಪ್ಪೆಮರಿಯನ್ನು ಹಿಡಿದದ್ದೇ ತಡ, ಅದುವರೆಗೆ ಮಾಡಿನಡಿ ಸಾಧುಗಳಂತೆ ನಿಂತಿದ್ದ ಐದು ಕೋಳಿಗಳು ಕುತ್ತಿಗೆ ಚಾಚಿ ಅದರ ಬೆನ್ನುಹತ್ತಿದವು. ಹಿಡಿದ ಕೋಳಿಗೆ ನುಂಗಲು ಪುರಸೊತ್ತಿಲ್ಲ, ಬಿಡಲು ಮನಸ್ಸಿಲ್ಲ. ಕೆಸರಿನಲ್ಲಿ ಮೂರು ಸುತ್ತು ಓಡಿದ ಮೇಲೆ ಕಪ್ಪೆಯ ಒಂದು ಕಾಲು ಒಂದರ ಕೊಕ್ಕಿನಲ್ಲೂ ಉಳಿದದ್ದು ಇನ್ನೊಂದರ ಕೊಕ್ಕಿನಲ್ಲೂ ಇತ್ತು.

"ನೋಡಿ, ರಾಜಸಾರಸ್‌ನ ದೂರದ ನೆಂಟರು," ಎಂದರು ಮಾಸ್ತರರು. "ಹಕ್ಕಿಗಳು ಬಂದದ್ದು ಆ ಎರಡು ಕಾಲಿನ ಮಾಂಸಾಹಾರಿಗಳ ಕುಲದಿಂದಲೇ. ಕೆನಡಾದ ಆಲ್ಬರ್ಟಾದಲ್ಲಿ 1910ರಲ್ಲಿ ಒಂದೇ ಕಡೆ ಆಲ್ಬರ್ಟೋಸಾರಸ್ ಎಂಬ ಬೇಟೆಗಾರನ ಹಲವು ಎಲುಬುಗೂಡುಗಳು ದೊರೆತವು. ಮುಂದೆ ಎಣಿಸಿದಾಗ ಅವು ಹನ್ನೆರಡನ್ನು ಮೀರಿದವು. ಅವು ಕೂಡಿ ಬಾಳಿದವೋ ಅಥವಾ ಪ್ರವಾಹಕ್ಕೋ ಬರಕ್ಕೋ ಸಿಕ್ಕಿ ಒಂದೆಡೆ ಸತ್ತವೋ ಎಂಬ ಜಗಳ ಇನ್ನೂ ಮುಗಿದಿಲ್ಲ. ರಾಜಸಾರಸ್‌ನ ದಾಯಾದಿಯಾದ ಮಡಗಾಸ್ಕರಿನ ಮಜುಂಗಸಾರಸ್‌ನ ಎಲುಬಿನ ಮೇಲಂತೂ ಅದೇ ಜಾತಿಯ ಹಲ್ಲಿನ ಗುರುತುಗಳಿವೆ."

"ದಾಯಾದಿಗಳು ಎಂದ ಮೇಲೆ ಅಷ್ಟು ಇದ್ದದ್ದೇ," ಎಂದು ಹೆಗಡೆಯವರು, ಪಾಲುಪಟ್ಟಿಯ ಅನುಭವದಿಂದ, ಅದನ್ನು ಕೂಡಲೇ ಬರೆದುಕೊಂಡರು. ಆ ಮಜುಂಗಸಾರಸ್‌ಗೆ ಸುಮಾರು ಎರಡು ತಿಂಗಳಿಗೊಮ್ಮೆ ಹಳೆಯ ಹಲ್ಲು ಬಿದ್ದು ಹೊಸ ಹಲ್ಲು ಬರುತ್ತಿತ್ತೆಂದು ಕೇಳಿದಾಗ ಮಾತ್ರ ಅವರು ಬರೆಯುವುದನ್ನು ನಿಲ್ಲಿಸಿ, ನಾಲಿಗೆಯಿಂದ ತಮ್ಮ ಎಡದವಡೆಯನ್ನು ತಡವಿಕೊಂಡು, ಬಹಳ ಹೊತ್ತು ಮಳೆಯನ್ನೇ ನೋಡಿದರು.

ಮರಿಗಳ ಮಾತು ಬಂದಿತು. ರಾಜಸಾರಸ್‌ನ ಕಾಲದ ಶಿಲೆಗಳಲ್ಲೇ, ಮಧ್ಯಪ್ರದೇಶದ ಧಾರ್ ಜಿಲ್ಲೆಯಲ್ಲಿ, ಉದ್ದ ಕತ್ತಿನ ಸಸ್ಯಾಹಾರಿ ಡೈನೋಸಾರ್‌ಗಳ 92 ಗೂಡುಗಳೂ 256 ಮೊಟ್ಟೆಗಳೂ ದೊರೆತದ್ದು 2023ರಲ್ಲಿ ಪ್ರಕಟವಾಗಿದೆ. ತಾಯಿ ಒಳಬಂದು ಕಾಲಿಡಲಾಗದಷ್ಟು ಒತ್ತಾಗಿ ಗೂಡುಗಳಿರುವುದರಿಂದ, ಅವು ಮೊಟ್ಟೆ ಇಟ್ಟು ಹೊರಟುಹೋಗುತ್ತಿದ್ದವೆಂದು ಊಹಿಸುತ್ತಾರೆ. "ನಮ್ಮ ಕಡಲಾಮೆಯ ಹಾಗೆ," ಎಂದರು ಹರಿಕಂತ್ರರು. ಗುಜರಾತಿನ ಅಂಥದೇ ಒಂದು ಗೂಡಿನಲ್ಲಿ, ಆಗಷ್ಟೇ ಹೊರಬಂದಿದ್ದ ಮರಿಯ ಪಕ್ಕದಲ್ಲಿ, ಮೂರೂವರೆ ಮೀಟರಿನ ಹಾವೊಂದು ಸುರುಳಿ ಸುತ್ತಿದಂತೆಯೇ ಕಲ್ಲಾಗಿದೆ. ಹಾವಿಗೆ ಗೊತ್ತಿದ್ದ ಊಟದ ಮನೆ ರಾಜಸಾರಸ್‌ಗೆ ತಿಳಿಯದೆ ಇದ್ದೀತೇ ಎಂಬುದು ನನ್ನ ವಾದ. ಇದಕ್ಕೆ ಯಾರೂ ಎದುರಾಡಲಿಲ್ಲ.

"ಹಾಗಾದರೆ ರಾಜಸಾರಸ್ ತನ್ನ ಮರಿಗಳನ್ನು ಸಾಕುತ್ತಿತ್ತೋ ಇಲ್ಲವೋ?" ಎಂದು ಹೆಗಡೆಯವರು ಪಟ್ಟು ಹಿಡಿದರು. ಅದರ ಗೂಡು ಎಂದು ಖಚಿತವಾಗಿ ಹೇಳಬಹುದಾದದ್ದು ಸಿಕ್ಕಿಲ್ಲವೆಂದು ಮಾಸ್ತರರು ಹೇಳಿ, ಮಂಗೋಲಿಯಾದ ಓವಿರಾಪ್ಟರ್‌ನ ಕಥೆಯನ್ನು ಎತ್ತಿಕೊಂಡರು. ಮೊಟ್ಟೆಗಳ ಹತ್ತಿರ ಸಿಕ್ಕಿತೆಂಬ ಒಂದೇ ಕಾರಣಕ್ಕೆ 1924ರಲ್ಲಿ ಅದಕ್ಕೆ ಮೊಟ್ಟೆಗಳ್ಳನೆಂಬ ಅರ್ಥದ ಹೆಸರಿಟ್ಟರು. 1993ರಲ್ಲಿ ಅಂಥದೇ ಮೊಟ್ಟೆಯೊಳಗೆ ಅದರ ಬಳಗದ್ದೇ ಭ್ರೂಣ ಕಂಡಿತು. ಮುಂದೆ ಗೂಡಿನ ಮೇಲೆ ಕೈ ಹರಡಿ ಕಾವು ಕೊಡುತ್ತಲೇ ಸತ್ತ ಅದರ ನೆಂಟರೂ ದೊರೆತರು. ಸ್ವಂತ ಮಕ್ಕಳನ್ನು ಕಾದದ್ದಕ್ಕೆ ಸುಮಾರು ಎಪ್ಪತ್ತು ವರ್ಷ ಕಳ್ಳತನದ ಆರೋಪ ಹೊತ್ತಿತ್ತು, ಪಾಪ.

ಕಾವು ಎಂದೊಡನೆ ಹೆಗಡೆಯವರಿಗೆ ಜಗುಲಿಯ ಮೂಲೆಯಲ್ಲಿದ್ದ ಬುಟ್ಟಿ ನೆನಪಾಯಿತು. ಅದರಲ್ಲಿ ಹೇಂಟೆಯೊಂದು ಗರಿ ಉಬ್ಬಿಸಿ, ಕಣ್ಣು ಅರೆಮುಚ್ಚಿ, ಹನ್ನೊಂದು ಮೊಟ್ಟೆಗಳ ಮೇಲೆ ಕುಳಿತಿತ್ತು. ಸಂಶೋಧನೆಯ ದೃಷ್ಟಿಯಿಂದ ಅವರು ಬಗ್ಗಿ, ಒಂದು ಬೆರಳಿನಿಂದ ಅದರ ರೆಕ್ಕೆಯನ್ನು ತುಸು ಎತ್ತಿದರು. ಕುಟುಕಿದ ಸದ್ದು ನಮಗೆಲ್ಲ ಕೇಳಿಸಿತು.

ಹೆಗಡೆಯವರು ಮರಳಿ ಬಂದು, ಬೆರಳನ್ನು ಬಾಯಲ್ಲಿಟ್ಟುಕೊಂಡೇ, ಎಡಗೈಯಿಂದ ಸೊಟ್ಟ ಅಕ್ಷರಗಳಲ್ಲಿ ಬರೆದರು: "ತಾಯಿ ರಾಜಸಾರಸ್ ಮೊಟ್ಟೆಗಳನ್ನು ಬಹಳ ಜಾಗ್ರತೆಯಿಂದ ಕಾಯುತ್ತಿತ್ತು."

"ಇದು ಕಲ್ಪನೆ ಎಂದು ಕೆಳಗೆ ನಮೂದಿಸಿ," ಎಂದರು ಮಾಸ್ತರರು.

"ನೋವು ಕಲ್ಪನೆಯಲ್ಲ," ಎಂದರು ಹೆಗಡೆಯವರು.