ಸಹಾಯ ಬೇಕು: ಗಿಟ್‌ನಲ್ಲಿ ರೀಬೇಸ್ ಮಾಡುವಾಗ ಪ್ರತಿ ಕಮಿಟ್‌ನಲ್ಲೂ ಕಾನ್‌ಫ್ಲಿಕ್ಟ್

ಎಲ್ಲರಿಗೂ ನಮಸ್ಕಾರ. ಕಾಗುಣಿತ ಪರೀಕ್ಷಕ ಹನ್‌ಸ್ಪೆಲ್ ಬಳಸುವ ಮುಕ್ತ ತಂತ್ರಾಂಶ ಯೋಜನೆಯೊಂದರ ಕನ್ನಡ ಪದಪಟ್ಟಿಗೆ ಕೂರಿಗೆ, ಕುಂಟೆ, ಮೇಟಿ ಮೊದಲಾದ 64 ಬೇಸಾಯದ ಪದಗಳನ್ನು ಸೇರಿಸಿ, ಒಟ್ಟು 9 ಕಮಿಟ್‌ಗಳಿರುವ (ಗಿಟ್‌ನಲ್ಲಿ ಉಳಿಸಿದ ಬದಲಾವಣೆಯ ಹಂತಗಳು) ಪುಲ್ ರಿಕ್ವೆಸ್ಟ್ (ಬದಲಾವಣೆ ಸೇರಿಸಿಕೊಳ್ಳುವಂತೆ ಕೋರಿಕೆ) ಕಳುಹಿಸಿದ್ದೇನೆ. ಅದನ್ನು ಮುಖ್ಯ ಬ್ರ್ಯಾಂಚ್‌ನ (ಯೋಜನೆಯ ಮೂಲ ಆವೃತ್ತಿಯ) ಮೇಲೆ ರೀಬೇಸ್ ಮಾಡಿ (ಅದರ ಈಗಿನ ಸ್ಥಿತಿಯ ಮೇಲೆ ನನ್ನ ಕಮಿಟ್‌ಗಳನ್ನು ಮತ್ತೆ ಜೋಡಿಸಿ), ಒಂದೇ ಕಮಿಟ್ ಆಗಿ ಕೊಡುವಂತೆ ನಿರ್ವಾಹಕರು ಕೇಳಿದ್ದಾರೆ.

ತೊಡಕಿರುವುದು ಪದಪಟ್ಟಿಯ ಕಡತದ ಮೊದಲ ಸಾಲಿನಲ್ಲಿ. ಹನ್‌ಸ್ಪೆಲ್‌ನ ಡಿಕ್ ಕಡತದ ಆ ಸಾಲಿನಲ್ಲಿ ಪದಗಳ ಸಂಖ್ಯೆ ಇರುವುದರಿಂದ ನಾನು ಪ್ರತಿ ಕಮಿಟ್‌ನಲ್ಲೂ ಅದನ್ನು ತಿದ್ದಿದ್ದೆ. ಈ ನಡುವೆ ಮುಖ್ಯ ಬ್ರ್ಯಾಂಚ್‌ನಲ್ಲಿಯೂ ಅದು ಬದಲಾಗಿರುವುದರಿಂದ ಒಂಬತ್ತು ಬಾರಿಯೂ ಅದೇ ಸಾಲಿನಲ್ಲಿ ಕಾನ್‌ಫ್ಲಿಕ್ಟ್ (ಎರಡು ಬದಲಾವಣೆಗಳ ಘರ್ಷಣೆ) ಎದುರಾಗುತ್ತಿದೆ. ರೀಬೇಸ್ ವೇಳೆ ‘ಅವರ್ಸ್’ (ನಮ್ಮದು) ಎಂದರೆ ನನ್ನ ಬದಲಾವಣೆಯಲ್ಲ, ಮುಖ್ಯ ಬ್ರ್ಯಾಂಚ್ ಎಂಬುದನ್ನು ಅರಿಯದೆ ಒಮ್ಮೆ ನನ್ನ ಪದಗಳನ್ನೇ ಕಳೆದುಕೊಂಡು, ರೆಫ್‌ಲಾಗ್ (ಹಿಂದಿನ ಸ್ಥಿತಿಗಳ ಗಿಟ್ ದಾಖಲೆ) ನೋಡಿ ಮರಳಿ ಪಡೆದೆ. (‘ಅವರ್ಸ್’ ಎಂಬ ಹೆಸರನ್ನು ಇಟ್ಟವರಿಗೆ ಏನು ಹೇಳಬೇಕೋ ತಿಳಿಯದು.)

ಮೊದಲು ನನ್ನ ಬ್ರ್ಯಾಂಚ್‌ನಲ್ಲಿಯೇ ಒಂಬತ್ತನ್ನೂ ಸ್ಕ್ವಾಶ್ ಮಾಡಿ (ಒಂದಾಗಿ ಕೂಡಿಸಿ), ನಂತರ ರೀಬೇಸ್ ಮಾಡಿದರೆ ಕಾನ್‌ಫ್ಲಿಕ್ಟ್ ಒಮ್ಮೆ ಮಾತ್ರ ಬರುತ್ತದೆಯೇ? ಆಮೇಲೆ ಫೋರ್ಸ್ ವಿತ್ ಲೀಸ್ (ಬೇರೆಯವರು ಬದಲಿಸಿರದಿದ್ದರೆ ಮಾತ್ರ ಹಳೆಯದರ ಮೇಲೆ ಬರೆಯುವ ಆಯ್ಕೆ) ಬಳಸಿ ಪುಶ್ ಮಾಡಿದರೆ, ಪರಿಶೀಲಕರು ಸಾಲುಗಳ ಪಕ್ಕದಲ್ಲಿ ಬರೆದಿರುವ ಟಿಪ್ಪಣಿಗಳು ಉಳಿಯುತ್ತವೆಯೇ? ಇದನ್ನು ಮಾಡಿ ನೋಡಿದವರು ದಯವಿಟ್ಟು ತಿಳಿಸಿ.